ಸೋತು ಸುಣ್ಣವಾದ ಬೇಸ್‌ಬಾಲ್ ತಂಡವನ್ನು ಎಳೆಯ ಆಟಗಾರರಿಂದ ಮತ್ತೆ ಕಟ್ಟುವುದು ಹೇಗೆ

ಬಾಲ್ಟಿಮೋರ್ ಓರಿಯೋಲ್ಸ್ ತಂಡ 2018ರಲ್ಲಿ 162 ಪಂದ್ಯ ಆಡಿ 115 ಸೋತಿತು. 2023ರಲ್ಲಿ ಅದೇ ತಂಡ 101 ಗೆದ್ದಿತು. ಈ ನಡುವೆ ಏನೇನು ನಡೆಯಿತು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೇಜರ್ ಲೀಗ್ (ಅಮೆರಿಕದ ಅತಿ ಎತ್ತರದ ಬೇಸ್‌ಬಾಲ್ ಲೀಗ್) ತಂಡ ದಿನಾ ಸೋಲುತ್ತಿದ್ದ ಆ ಕಾಲದಲ್ಲಿ ನಾನು ಮೇರಿಲ್ಯಾಂಡ್‌ನ ಬೋವಿ ಊರಿನ ಡಬಲ್-ಎ (ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನ, ಆಟಗಾರರನ್ನು ಬೆಳೆಸುವ ಲೀಗ್) ಮೈದಾನದಲ್ಲಿ ತೊಡೆ ಮೇಲೆ ಸ್ಕೋರ್‌ಬುಕ್ ಇಟ್ಟುಕೊಂಡು ಕೂರುತ್ತಿದ್ದೆ. ಎಳೆಯರಿಂದ ತಂಡ ಕಟ್ಟುವುದು ಅಂದರೆ ಸುಮ್ನೆ ಸೋಲುತ್ತಾ ಇದ್ದರೆ ಸಾಕು, ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ಮೊದಲ ಹುಡುಗ ಸಿಗುತ್ತಾನೆ ಅಂತ ತುಂಬಾ ಜನ ತಿಳಿದಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಸೋಲು ಈ ಕೆಲಸಕ್ಕೆ ತೆರುವ ಬೆಲೆ ಅಷ್ಟೇ. ಕೆಲಸ ನಡೆಯುವುದು ಯಾರೂ ಗಮನಿಸದ ಸಣ್ಣ ಟ್ರೇಡ್‌ಗಳಲ್ಲಿ (ತಂಡಗಳ ನಡುವಿನ ಆಟಗಾರರ ವಿನಿಮಯ), ಡ್ರಾಫ್ಟ್‌ನ ಕೆಳಗಿನ ಸುತ್ತುಗಳಲ್ಲಿ, ಮೈನರ್ ಲೀಗ್ ಊರುಗಳ ಬ್ಯಾಟಿಂಗ್ ಕೇಜ್‌ಗಳಲ್ಲಿ.

ನೀವು ಜನರಲ್ ಮ್ಯಾನೇಜರ್ (ಜಿಎಂ, ಆಟಗಾರರನ್ನು ಆರಿಸಿ ತಂಡ ಕಟ್ಟುವವರು) ಕುರ್ಚಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ನಿಮ್ಮ ಕೈಯಲ್ಲಿ 26 ಜನರ ಆಡುವ ಪಟ್ಟಿ ಇದೆ, ಅವರೂ ಸೇರಿದ 40 ಜನರ ದೊಡ್ಡ ಪಟ್ಟಿ ಇದೆ. ಕೆಳಗೆ ಮೈನರ್ ಲೀಗ್‌ನ ನಾಲ್ಕು ಮೆಟ್ಟಿಲು: ಟ್ರಿಪಲ್-ಎ, ಡಬಲ್-ಎ, ಹೈ-ಎ, ಸಿಂಗಲ್-ಎ. ಅದಕ್ಕೂ ಕೆಳಗೆ ಫ್ಲೋರಿಡಾ, ಅರಿಜೋನಾಗಳಲ್ಲಿ ಹೊಸಬರ ಕಾಂಪ್ಲೆಕ್ಸ್ ಲೀಗ್, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬೇಸಿಗೆ ಲೀಗ್. ಹೈಸ್ಕೂಲು ಮುಗಿಸಿ ಬಂದ ಹುಡುಗ ಇಷ್ಟು ಮೆಟ್ಟಿಲು ಹತ್ತಲು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬೇಕು. ಮಾಲೀಕರಿಗೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳಿ. ಎರಡನೇ ವರ್ಷಕ್ಕೇ ಅವರು ತಾಳ್ಮೆ ಕಳೆದುಕೊಂಡು ಮೂವತ್ತೈದರ ಸ್ಟಾರ್ ಒಬ್ಬನನ್ನು ಕೊಂಡು ತಂದರೆ ಎಲ್ಲಾ ಲೆಕ್ಕವೂ ತಪ್ಪುತ್ತದೆ.

ಮೊದಲು ಮನೆಯಲ್ಲಿ ಇರುವುದನ್ನು ನೋಡಿ

ಹೊಸದಾಗಿ ಬಂದವರಿಗೆ ಹಿಂದಿನವರು ಬಿಟ್ಟು ಹೋದದ್ದನ್ನೆಲ್ಲ ಗುಡಿಸಿ ಹಾಕುವ ಚಾಳಿ ಇರುತ್ತದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಇದಕ್ಕೆ ನಾನು ಯಾವಾಗಲೂ ಹೇಳುವ ಹೆಸರು ಸೆಡ್ರಿಕ್ ಮಲ್ಲಿನ್ಸ್. 2015ರ ಡ್ರಾಫ್ಟ್‌ನಲ್ಲಿ 13ನೇ ಸುತ್ತಿನ ಆಯ್ಕೆ ಅವನು. ಮೈಕ್ ಎಲಿಯಾಸ್ ಓರಿಯೋಲ್ಸ್ ಜಿಎಂ ಆಗಿ ಬಂದದ್ದು 2018ರ ನವೆಂಬರಿನಲ್ಲಿ. 2019ರ ಸೀಸನ್ನನ್ನು ಮಲ್ಲಿನ್ಸ್ ಸೆಂಟರ್ ಫೀಲ್ಡ್‌ನಲ್ಲಿ (ಮೈದಾನದ ದೂರದ ನಡುಭಾಗ) ಶುರು ಮಾಡಿದ. ಬ್ಯಾಟ್ ಓಡಲೇ ಇಲ್ಲ. ನಾರ್ಫೋಕ್‌ನ ಟ್ರಿಪಲ್-ಎಗೆ ಇಳಿಸಿದರು, ಅಲ್ಲೂ ಆಗದೆ ಬೋವಿಯ ಡಬಲ್-ಎಗೆ ಬಂದ. ಬೇರೆ ತಂಡವಾಗಿದ್ದರೆ ಅಲ್ಲಿಗೇ ಅವನ ಕಥೆ ಮುಗಿಯುತ್ತಿತ್ತು. ಅವನು ಎಡಗೈ, ಬಲಗೈ ಎರಡೂ ಬಗೆಯಲ್ಲಿ ನಿಂತು ಬ್ಯಾಟ್ ಬೀಸುತ್ತಿದ್ದವನು. 2021ಕ್ಕೆ ಮುಂಚೆ ಬಲಗೈ ಆಟ ಬಿಟ್ಟು ಎಡಗೈಯಲ್ಲಿ ಮಾತ್ರ ಆಡುವುದು ಅಂತ ತೀರ್ಮಾನಿಸಿದ. ಆ ವರ್ಷ ತಂಡ 110 ಪಂದ್ಯ ಸೋತಿತು. ಮಲ್ಲಿನ್ಸ್ ಮಾತ್ರ 30 ಹೋಮ್ ರನ್ (ಸಾಮಾನ್ಯವಾಗಿ ಬೇಲಿ ದಾಟುವ ಹೊಡೆತ) ಹೊಡೆದು 30 ಬೇಸ್ ಕದ್ದ (ಯಾರೂ ಚೆಂಡು ಹೊಡೆಯದಿದ್ದರೂ ಮುಂದಿನ ಬೇಸ್‌ಗೆ ಓಡಿ ಸೇರುವುದು). ಒಂದೇ ಸೀಸನ್ನಿನಲ್ಲಿ ಇವೆರಡನ್ನೂ ಅಲ್ಲಿಯವರೆಗೆ ಯಾವ ಓರಿಯೋಲ್ಸ್ ಆಟಗಾರನೂ ಮಾಡಿರಲಿಲ್ಲ.

ಗೆಲ್ಲುವ ತಂಡದ ಹತ್ತಿರ ಇಲ್ಲದ ಒಂದು ಆಸ್ತಿ ಸೋಲುವ ತಂಡದ ಹತ್ತಿರ ಇರುತ್ತದೆ: ಆಟಗಾರ ತಪ್ಪು ಮಾಡಿ ಕಲಿಯಲು ಬೇಕಾದ ಜಾಗ. ಆ ನೂರಾರು ಅಟ್-ಬ್ಯಾಟ್‌ಗಳನ್ನು (ಬ್ಯಾಟ್ ಹಿಡಿದು ನಿಲ್ಲುವ ಸರದಿ) ಯಾರಿಗೆ ಕೊಡುತ್ತೀರಿ ಅನ್ನುವುದೇ ನಿಮ್ಮ ಮೊದಲ ಎರಡು ವರ್ಷದ ನಿಜವಾದ ಕೆಲಸ. 24ರಿಂದ 26 ವಯಸ್ಸಿನ, ಇನ್ನೂ ಉತ್ತರ ಸಿಗದ ಆಟಗಾರರಿಗೆ ಕೊಡಿ. ಹ್ಯೂಸ್ಟನ್ ಆಸ್ಟ್ರೋಸ್ ಇಲ್ಲಿ ಎಡವಿತ್ತು. ಜೆ.ಡಿ. ಮಾರ್ಟಿನೆಜ್ ಅನ್ನುವ ಔಟ್‌ಫೀಲ್ಡರ್ ಚಳಿಗಾಲವಿಡೀ ಕೂತು ತನ್ನ ಸ್ವಿಂಗನ್ನೇ ಬದಲಿಸಿಕೊಂಡು ಬಂದಿದ್ದ. ಅದನ್ನು ಸರಿಯಾಗಿ ನೋಡದೆ 2014ರ ಮಾರ್ಚ್‌ನಲ್ಲಿ ಅವನನ್ನು ಬಿಟ್ಟುಬಿಟ್ಟರು. ಡೆಟ್ರಾಯಿಟ್ ಟೈಗರ್ಸ್ ಕರೆದುಕೊಂಡಿತು. ಅದೇ ವರ್ಷ 23 ಹೋಮ್ ರನ್, ಮರುವರ್ಷ 38. ಒಬ್ಬ ಆಟಗಾರ ಏನಾದರೂ ಬದಲಿಸಿಕೊಂಡು ಬಂದಿದ್ದೇನೆ ಅಂದರೆ ಕೂತು ನೋಡಿ. ಅವನ ಹಳೇ ಅಂಕಿಅಂಶ ಹಿಡಿದು ತೀರ್ಪು ಕೊಡಬೇಡಿ.

ಮಾರುವುದಾದರೆ ಬೇಗ ಮಾರಿ

ಮೇಜರ್ ಲೀಗ್‌ನಲ್ಲಿ ಆರು ವರ್ಷ ಸೇವೆ ಆದ ಮೇಲೆ ಆಟಗಾರ ಫ್ರೀ ಏಜೆಂಟ್ ಆಗುತ್ತಾನೆ, ಇಷ್ಟ ಬಂದ ತಂಡಕ್ಕೆ ಹೋಗಬಹುದು. ಹಾಗಾಗಿ ಒಪ್ಪಂದ ಮುಗಿಯುತ್ತಾ ಬಂದ ಹಾಗೆ ಅವನಿಗೆ ಸಿಗುವ ಬೆಲೆ ಇಳಿಯುತ್ತದೆ. ತಮ್ಮ ಸ್ಟಾರ್ ಆಟಗಾರ ಮ್ಯಾನಿ ಮಚಾಡೋ ವಿಷಯದಲ್ಲಿ ಓರಿಯೋಲ್ಸ್ ಕಾದರು, ಕಾದರು, ಕೊನೆಗೆ 2018ರ ಜುಲೈನಲ್ಲಿ, ಸೀಸನ್ ಮುಗಿಯಲು ಎರಡೂವರೆ ತಿಂಗಳಿದ್ದಾಗ ಡಾಡ್ಜರ್ಸ್‌ಗೆ ಕೊಟ್ಟರು. ಬದಲಿಗೆ ಐವರು ಬಂದರು. ಎಲ್ಲರ ಕಣ್ಣು ಯೂಸ್ನಿಯೆಲ್ ಡಿಯಾಜ್ ಮೇಲೆ. ಅವನು ಮೇಜರ್ ಲೀಗ್‌ನಲ್ಲಿ ನೆಲೆ ನಿಲ್ಲಲೇ ಇಲ್ಲ. ಅದೇ ಗುಂಪಿನಲ್ಲಿದ್ದ ಡೀನ್ ಕ್ರೆಮರ್ ಅನ್ನುವ ಪಿಚರ್ (ಚೆಂಡು ಎಸೆಯುವವನು) 2023ರ ಆ 101 ಗೆಲುವಿನಲ್ಲಿ 13 ಗೆಲುವು ತನ್ನ ಹೆಸರಿಗೆ ಬರೆದುಕೊಂಡ. ಅದಕ್ಕೇ ಹೇಳುವುದು, ಪಟ್ಟಿಯ ಮೊದಲ ಹೆಸರಿಗಿಂತ ಎರಡನೆಯ, ಮೂರನೆಯ ಹೆಸರಿನ ಮೇಲೆ ಜಾಸ್ತಿ ಚೌಕಾಸಿ ಮಾಡಿ. ಮೊದಲ ಹೆಸರನ್ನು ಎದುರಿನವರೂ ಅಳೆದು ತೂಗಿಯೇ ಕೊಡುತ್ತಾರೆ. ಕೆಳಗಿನ ಹೆಸರುಗಳ ವಿಷಯದಲ್ಲಿ ನಿಮ್ಮ ಸ್ಕೌಟ್ (ಆಟಗಾರರನ್ನು ಹುಡುಕಿ ಅಳೆಯುವವನು) ಅವರಿಗಿಂತ ಚೆನ್ನಾಗಿ ನೋಡಿರಲು ಸಾಧ್ಯ.

ಬೇಗ ಮಾರಿದರೆ ಏನಾಗುತ್ತದೆ ಅನ್ನುವುದಕ್ಕೆ ಕಾನ್ಸಾಸ್ ಸಿಟಿ ರಾಯಲ್ಸ್ ನೋಡಿ. ಪಿಚರ್ ಝ್ಯಾಕ್ ಗ್ರೈಂಕಿಯ ಒಪ್ಪಂದ ಇನ್ನೂ ಎರಡು ಸೀಸನ್ ಇತ್ತು, 2010ರ ಡಿಸೆಂಬರಿನಲ್ಲೇ ಮಿಲ್ವಾಕಿಗೆ ಕೊಟ್ಟರು. ಪ್ರತಿಯಾಗಿ ಲೊರೆಂಜೊ ಕೇನ್, ಆಲ್ಸಿಡಿಸ್ ಎಸ್ಕೊಬಾರ್, ಜೇಕ್ ಒಡೊರಿಜಿ, ಜೆರೆಮಿ ಜೆಫ್ರೆಸ್ ಬಂದರು. ಎರಡು ವರ್ಷದ ನಂತರ ಒಡೊರಿಜಿಯನ್ನು ವಿಲ್ ಮೈಯರ್ಸ್ ಜೊತೆ ಟ್ಯಾಂಪಾ ಬೇಗೆ ಕಳಿಸಿ ಜೇಮ್ಸ್ ಶೀಲ್ಡ್ಸ್, ವೇಡ್ ಡೇವಿಸ್ ಅವರನ್ನು ತಂದರು. 2015ರಲ್ಲಿ ರಾಯಲ್ಸ್ ವರ್ಲ್ಡ್ ಸೀರೀಸ್ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸರಣಿ) ಗೆದ್ದಾಗ ಸೆಂಟರ್ ಫೀಲ್ಡ್‌ನಲ್ಲಿ ಕೇನ್, ಶಾರ್ಟ್‌ಸ್ಟಾಪ್‌ನಲ್ಲಿ (ಎರಡನೇ, ಮೂರನೇ ಬೇಸ್ ನಡುವಿನ ಜಾಗ) ಎಸ್ಕೊಬಾರ್, ಕೊನೆಯ ಇನ್ನಿಂಗ್ಸ್ ಎಸೆಯಲು ಡೇವಿಸ್. ಒಬ್ಬ ಪಿಚರ್‌ನನ್ನು ಸರಿಯಾದ ಹೊತ್ತಿಗೆ ಬಿಟ್ಟುಕೊಟ್ಟದ್ದರ ಫಲ ಇಷ್ಟೂ.

ಸಣ್ಣ ಟ್ರೇಡ್‌ಗಳನ್ನು ಮರೆಯಬೇಡಿ. ಶಿಕಾಗೋ ಕಬ್ಸ್ 2013ರಲ್ಲಿ ಸ್ಕಾಟ್ ಫೆಲ್ಡ್‌ಮನ್ ಅನ್ನುವ ಸಾಧಾರಣ ಪಿಚರ್‌ನನ್ನು 60 ಲಕ್ಷ ಡಾಲರ್‌ಗೆ ಒಂದೇ ವರ್ಷಕ್ಕೆ ತಂದರು. ಮೂರು ತಿಂಗಳು ಚೆನ್ನಾಗಿ ಎಸೆದ. ಜುಲೈನಲ್ಲಿ ಅವನನ್ನು ಬಾಲ್ಟಿಮೋರ್‌ಗೆ ಕೊಟ್ಟು ಜೇಕ್ ಅರಿಯೆಟಾ, ಪೆಡ್ರೊ ಸ್ಟ್ರೋಪ್ ಅವರನ್ನು ಪಡೆದರು. ಅರಿಯೆಟಾ 2015ರಲ್ಲಿ ಸೈ ಯಂಗ್ (ವರ್ಷದ ಅತ್ಯುತ್ತಮ ಪಿಚರ್) ಪ್ರಶಸ್ತಿ ಗೆದ್ದ. ಮರುವರ್ಷ ಕಬ್ಸ್ 1908ರ ನಂತರ ಮೊದಲ ಸಲ ಚಾಂಪಿಯನ್ ಆಯಿತು. ಬಾಲ್ಟಿಮೋರ್ ಕಡೆಯವನಾಗಿ ನನಗೆ ಈ ಟ್ರೇಡ್ ಇವತ್ತಿಗೂ ನೋವು ಕೊಡುತ್ತದೆ. ಕಲಿಯಬೇಕಾದ ಪಾಠವೂ ಇದರಲ್ಲೇ ಜಾಸ್ತಿ ಇದೆ. ಪ್ರತಿ ಚಳಿಗಾಲ ಇಂಥ ಒಂದು ವರ್ಷದ ಪಿಚರ್‌ಗಳನ್ನು ಇಬ್ಬರು ಮೂವರಂತೆ ತನ್ನಿ. ಒಬ್ಬ ಕೈ ಹಿಡಿದರೂ ಜುಲೈ ಕೊನೆಯ ಟ್ರೇಡ್ ಗಡುವಿಗೆ ನಿಮ್ಮ ಫೋನ್ ಬಡಿದುಕೊಳ್ಳುತ್ತದೆ.

ಡ್ರಾಫ್ಟ್ ಅಂದರೆ ಹಣದ ಲೆಕ್ಕ

ಸೋತರೆ ಮೊದಲ ಆಯ್ಕೆ ಖಾತ್ರಿ ಅನ್ನುವ ಕಾಲ ಹೋಯಿತು. 2023ರ ಡ್ರಾಫ್ಟ್‌ನಿಂದ ಮೊದಲ ಆರು ಸ್ಥಾನಕ್ಕೆ ಲಾಟರಿ ಎತ್ತುತ್ತಾರೆ. ಅತಿ ಕೆಟ್ಟ ಮೂರು ತಂಡಗಳಿಗೆ ತಲಾ ಶೇ. 16.5 ಅವಕಾಶ, ಅಷ್ಟೇ. 2024ರ ಡ್ರಾಫ್ಟ್‌ಗೆ ಕ್ಲೀವ್‌ಲ್ಯಾಂಡ್ ತಂಡ ಬರೀ ಶೇ. 2 ಅವಕಾಶ ಇಟ್ಟುಕೊಂಡು ಮೊದಲ ಸ್ಥಾನ ಹೊಡೆಯಿತು. ವರ್ಷ ವರ್ಷ ಲಾಟರಿಯಲ್ಲಿ ಕೂರಲೂ ಬಿಡುವುದಿಲ್ಲ. ಶಿಕಾಗೋ ವೈಟ್ ಸಾಕ್ಸ್ 2024ರಲ್ಲಿ 121 ಪಂದ್ಯ ಸೋತರೂ ನಿಯಮದ ಕಾರಣ 2025ರಲ್ಲಿ ಅವರಿಗೆ ಸಿಕ್ಕಿದ್ದು 10ನೇ ಆಯ್ಕೆ. ಬೇಕೆಂದೇ ಸೋಲುವ ಯೋಜನೆ ಹಾಕುವವರು ಈ ಸಾಲನ್ನು ಎರಡು ಸಲ ಓದಬೇಕು.

ಡ್ರಾಫ್ಟ್‌ನಲ್ಲಿ ಜಾಣತನ ತೋರಿಸಬೇಕಾದದ್ದು ಬೋನಸ್ ಪೂಲ್‌ನಲ್ಲಿ. ಮೊದಲ ಹತ್ತು ಸುತ್ತಿನ ಪ್ರತಿ ಆಯ್ಕೆಗೂ ಲೀಗ್ ಒಂದು ಮೊತ್ತ ಗೊತ್ತು ಮಾಡಿರುತ್ತದೆ. ಅವನ್ನೆಲ್ಲ ಕೂಡಿದರೆ ನಿಮ್ಮ ಪೂಲ್. ಶೇ. 5ರವರೆಗೆ ಮೀರಿದರೆ ಮೀರಿದ ಹಣದ ಮೇಲೆ ಶೇ. 75 ತೆರಿಗೆ. ಅದನ್ನೂ ದಾಟಿದರೆ ಮುಂದಿನ ಡ್ರಾಫ್ಟ್‌ನ ಆಯ್ಕೆಗಳೇ ಹೋಗುತ್ತವೆ. ಆದರೆ ಪೂಲ್‌ನ ಒಳಗೆ ಹಣವನ್ನು ಹೇಗೆ ಹಂಚಬೇಕು ಅನ್ನುವುದು ನಿಮಗೆ ಬಿಟ್ಟದ್ದು. 2012ರಲ್ಲಿ ಆಸ್ಟ್ರೋಸ್ ಮೊದಲ ಆಯ್ಕೆಯಾಗಿ ಪೋರ್ಟೊ ರಿಕೊದ ಕಾರ್ಲೋಸ್ ಕೊರಿಯಾನನ್ನು ತೆಗೆದುಕೊಂಡರು. ಆ ಸ್ಥಾನದ ಮೊತ್ತ 72 ಲಕ್ಷ ಡಾಲರ್. ಅವನು 48 ಲಕ್ಷಕ್ಕೆ ಒಪ್ಪಿದ. ಉಳಿದ ಹಣದಲ್ಲಿ 41ನೇ ಆಯ್ಕೆಯಾದ ಲ್ಯಾನ್ಸ್ ಮೆಕಲರ್ಸ್‌ಗೆ 25 ಲಕ್ಷ ಕೊಟ್ಟು ಕಾಲೇಜಿಗೆ ಹೋಗದಂತೆ ತಡೆದರು. 2017ರಲ್ಲಿ ಯಾಂಕೀಸ್ ವಿರುದ್ಧದ ಪ್ಲೇಆಫ್ (ಸೀಸನ್ ನಂತರದ ನಾಕೌಟ್) ಸರಣಿಯ ಏಳನೇ ಪಂದ್ಯ ಮುಗಿಸಿದವನು ಇದೇ ಮೆಕಲರ್ಸ್, ಸತತ 24 ಕರ್ವ್‌ಬಾಲ್ (ಬಾಗಿ ಇಳಿಯುವ ಚೆಂಡು) ಎಸೆದು. ಆ ವರ್ಷದ ಆಸ್ಟ್ರೋಸ್ ವರ್ಲ್ಡ್ ಸೀರೀಸ್ ಪ್ರಶಸ್ತಿಗೆ, ಎದುರಾಳಿ ಕ್ಯಾಚರ್ (ಪಿಚರ್ ಎಸೆದ ಚೆಂಡು ಹಿಡಿಯುವವನು) ತನ್ನ ಪಿಚರ್‌ಗೆ ಕೊಡುವ ಸನ್ನೆಯನ್ನು ಕದ್ದ ಕಳಂಕ ಅಂಟಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. 2020ರಲ್ಲಿ ಲೀಗ್ 50 ಲಕ್ಷ ಡಾಲರ್ ದಂಡ ಹಾಕಿ, ಎರಡು ವರ್ಷದ ಮೊದಲ ಹಾಗೂ ಎರಡನೇ ಸುತ್ತಿನ ಆಯ್ಕೆಗಳನ್ನು ಕಿತ್ತುಕೊಂಡಿತು. ಅದರಿಂದ ಡ್ರಾಫ್ಟ್‌ನ ಈ ಲೆಕ್ಕ ಸುಳ್ಳಾಗುವುದಿಲ್ಲ.

ಓರಿಯೋಲ್ಸ್ 2019ರಲ್ಲಿ ಮೊದಲ ಆಯ್ಕೆ ಕ್ಯಾಚರ್ ಆಡ್ಲಿ ರಚ್‌ಮನ್‌ಗೆ 81 ಲಕ್ಷ ಕೊಟ್ಟರು. ಅದೇ ಡ್ರಾಫ್ಟ್‌ನ 42ನೇ ಆಯ್ಕೆ, ಅಲಬಾಮದ ಹೈಸ್ಕೂಲು ಹುಡುಗ ಗನ್ನರ್ ಹೆಂಡರ್ಸನ್‌ಗೆ ಗೊತ್ತುಮಾಡಿದ್ದಕ್ಕಿಂತ ಜಾಸ್ತಿ, 23 ಲಕ್ಷ. 2023ರಲ್ಲಿ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ವರ್ಷದ ಹೊಸ ಆಟಗಾರ ಪ್ರಶಸ್ತಿ ಹೆಂಡರ್ಸನ್‌ಗೆ ಬಂತು. ನನ್ನ ಮಟ್ಟಿಗೆ ಆ ಡ್ರಾಫ್ಟ್‌ನ ಹಿರಿಮೆ 42ನೇ ಆಯ್ಕೆಯಲ್ಲಿದೆ. ಮೊದಲನೆಯದನ್ನು ಯಾರು ಬೇಕಾದರೂ ಆರಿಸುತ್ತಿದ್ದರು.

ಡ್ರಾಫ್ಟ್‌ಗೆ ಬಾರದ ಇನ್ನೊಂದು ಬಾಗಿಲು ಲ್ಯಾಟಿನ್ ಅಮೆರಿಕ. 16 ತುಂಬಿದ ಹುಡುಗರಿಗೆ ಜನವರಿ 15ರಿಂದ ಸಹಿ ಹಾಕಿಸಬಹುದು, ಇದಕ್ಕೂ ಪೂಲ್ ಇದೆ. ವೆನೆಜುವೆಲಾದ ಹೊಸೆ ಅಲ್ಟುವೆ ಆಸ್ಟ್ರೋಸ್‌ಗೆ ಸಿಕ್ಕಿದ್ದು 15,000 ಡಾಲರ್‌ಗೆ. ಓರಿಯೋಲ್ಸ್ ಬಹಳ ವರ್ಷ ಈ ಕಡೆ ತಲೆ ಹಾಕಿರಲಿಲ್ಲ. 2019ರಿಂದ ಶುರು ಮಾಡಿ, 2021ರಲ್ಲಿ ಸ್ಯಾಮ್ಯುಯೆಲ್ ಬಸಾಯೊ ಅನ್ನುವ ಕ್ಯಾಚರ್‌ಗೆ 13 ಲಕ್ಷ ಕೊಟ್ಟರು. ನಿಯಮ ಮುರಿಯಲು ಹೋಗಬೇಡಿ. ಅಟ್ಲಾಂಟಾ ಬ್ರೇವ್ಸ್ ಹಾಗೆ ಮಾಡಿ 2017ರಲ್ಲಿ 13 ಹುಡುಗರನ್ನು ಕಳೆದುಕೊಂಡಿತು, ಜಿಎಂಗೆ ನಿಷೇಧ ಬಿತ್ತು. ಇವರು ಮನೆ ಬಿಟ್ಟು ಬಂದ ಮಕ್ಕಳು ಅನ್ನುವುದು ನೆನಪಿರಲಿ. ಇಂಗ್ಲಿಷ್ ಪಾಠ, ಓದು, ಹೊಟ್ಟೆತುಂಬ ಊಟ ಇವೆಲ್ಲ ಅಕಾಡೆಮಿಯ ಕೆಲಸವೇ.

ಬೆಳೆಸುವ ಜಾಗ

ಒಳ್ಳೆಯ ಹುಡುಗರನ್ನು ಆರಿಸಿದ ಎಷ್ಟೋ ತಂಡಗಳು ಮುಗ್ಗರಿಸುವುದು ಇಲ್ಲಿ. 2022ಕ್ಕೆ ಮುಂಚೆ ಮೈನರ್ ಲೀಗ್ ಆಟಗಾರರು ಬಾಡಿಗೆ ಮನೆಯನ್ನು ತಾವೇ ಹುಡುಕಿಕೊಳ್ಳಬೇಕಿತ್ತು. ನಾಲ್ಕೈದು ಜನ ಒಂದೇ ಅಪಾರ್ಟ್‌ಮೆಂಟ್‌ನಲ್ಲಿ ನೆಲದ ಮೇಲೆ ಹಾಸಿಗೆ ಹಾಕಿ ಮಲಗುತ್ತಿದ್ದ ಕಾಲ ಅದು. ಈಗ ವಸತಿ ತಂಡದ ಹೊಣೆ. 2023ರ ಒಪ್ಪಂದದಲ್ಲಿ ಡಬಲ್-ಎ ಆಟಗಾರನ ಕನಿಷ್ಠ ವರ್ಷದ ಸಂಬಳ 13,800 ಡಾಲರ್‌ನಿಂದ 30,250ಕ್ಕೆ ಏರಿತು. ಏರಿದ ಮೇಲೂ ಇದು ಕಡಿಮೆಯೇ. ಡ್ರಾಫ್ಟ್ ಬೋನಸ್‌ಗೆ ಲಕ್ಷಗಟ್ಟಲೆ ಸುರಿದು, ರಾತ್ರಿ ಪಂದ್ಯ ಮುಗಿದ ಮೇಲೆ ಹುಡುಗನಿಗೆ ತಣ್ಣಗಿನ ಪಿಜ್ಜಾ ಕೊಡುವ ತಂಡ ತನ್ನ ಹಣವನ್ನು ತಾನೇ ನೀರಿಗೆ ಹಾಕಿದಂತೆ. ಅಡುಗೆಯವರಿಗೆ, ನಿದ್ದೆಗೆ, ವ್ಯಾಯಾಮ ಹೇಳಿಕೊಡುವವರಿಗೆ ಮೊದಲು ಖರ್ಚು ಮಾಡಿ.

ಆಮೇಲೆ ಕೋಚ್‌ಗಳು ಮತ್ತು ಕ್ಯಾಮೆರಾ. ಚೆಂಡು ಎಷ್ಟು ಸುತ್ತು ತಿರುಗಿತು, ಬ್ಯಾಟ್‌ನಿಂದ ಎಷ್ಟು ವೇಗದಲ್ಲಿ ಹೋಯಿತು ಅನ್ನುವುದೆಲ್ಲ ಈಗ ಮೈನರ್ ಲೀಗ್‌ನ ಮೈದಾನಗಳಲ್ಲೂ ದಾಖಲಾಗುತ್ತದೆ. ಎಲಿಯಾಸ್ ತಮ್ಮ ಜೊತೆ ಕರೆತಂದ ಸಿಗ್ ಮೆಜ್ಡಾಲ್ ಹಿಂದೆ ನಾಸಾದಲ್ಲಿ ಕೆಲಸ ಮಾಡಿದವರು. ಆದರೆ ಅಂಕಿ ಹೇಳಿದ್ದನ್ನು ಇಪ್ಪತ್ತರ ಹುಡುಗನಿಗೆ ಅರ್ಥವಾಗುವ ಹಾಗೆ ಹೇಳುವ ಕೋಚ್ ಇಲ್ಲದಿದ್ದರೆ ಅದೆಲ್ಲ ಸುಮ್ನೆ. ಬ್ಯಾಟಿಂಗ್ ಅಭ್ಯಾಸವನ್ನೂ ಕಷ್ಟ ಮಾಡಿ. ಕೋಚ್ ಮೆಲ್ಲಗೆ ಎಸೆದ ಚೆಂಡನ್ನು ಬೇಲಿ ದಾಟಿಸಿದರೆ ನೋಡುವವರಿಗೆ ಖುಷಿ, ಹುಡುಗನಿಗೆ ಕಲಿಕೆ ಇಲ್ಲ. ಪಂದ್ಯದ ವೇಗದಲ್ಲಿ, ಪಂದ್ಯದ ತಿರುವಿನಲ್ಲಿ ಎಸೆಯುವ ಮೆಷಿನ್ ಮುಂದೆ ನಿಲ್ಲಿಸಿ. ಮೊದಲ ವಾರ ಅವನು ಬೇಜಾರಾಗುತ್ತಾನೆ. ಆಗಲಿ.

ಹುಡುಗ ಬೆಳೆಯುತ್ತಿದ್ದಾನೆ ಅಂತ ಗೊತ್ತಾಗುವುದು ಹೇಗೆ? ಬ್ಯಾಟಿಂಗ್ ಸರಾಸರಿಯನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ವಯಸ್ಸು: ಡಬಲ್-ಎಯಲ್ಲಿ ಅವನಿಗಿಂತ ಮೂರು ವರ್ಷ ದೊಡ್ಡವರ ಎದುರು ಆಡುತ್ತಿದ್ದಾನಾ? ಆಮೇಲೆ ಬಿಟ್ಟ ಚೆಂಡುಗಳು. ಬೋವಿಯಲ್ಲಿ ಹೋಮ್ ಪ್ಲೇಟ್ ಹಿಂದಿನ ಸಾಲಿನಲ್ಲಿ ರಡಾರ್ ಗನ್ ಹಿಡಿದ ಸ್ಕೌಟ್‌ಗಳು ಕೂರುತ್ತಾರೆ. ಅವರ ಹತ್ತಿರ ಕೂತರೆ ಏನು ನೋಡಬೇಕು ಅನ್ನುವುದು ಬೇಗ ತಿಳಿಯುತ್ತದೆ. ಎರಡು ಸ್ಟ್ರೈಕ್ ಆಗಿದೆ (ಮೂರಾದರೆ ಔಟ್), ಪಿಚರ್ ಸ್ಲೈಡರ್ ಎಸೆಯುತ್ತಾನೆ, ಚೆಂಡು ಸ್ಟ್ರೈಕ್ ಜಾಗದ ಕಡೆಗೇ ಬಂದು ಕೊನೆಯ ಗಳಿಗೆಯಲ್ಲಿ ಹೊರಗೆ ಜಾರುತ್ತದೆ. ಏಪ್ರಿಲ್‌ನಲ್ಲಿ ಹುಡುಗನ ಮುಂಗಾಲು ಇಳಿದು, ಸೊಂಟ ತಿರುಗಿ, ಬ್ಯಾಟ್ ಗಾಳಿ ಹೊಡೆಯುತ್ತದೆ. ಜೂನ್‌ನಲ್ಲಿ ಅದೇ ಚೆಂಡಿಗೆ ಮುಂಗಾಲು ಇಳಿಯುತ್ತದೆ, ಕೈ ಮಾತ್ರ ಭುಜದ ಹತ್ತಿರವೇ ನಿಲ್ಲುತ್ತದೆ. ಅಷ್ಟೇ ವ್ಯತ್ಯಾಸ. ನನ್ನ ಸ್ಕೋರ್‌ಬುಕ್‌ನಲ್ಲಿ ಇಂಥ ಚೆಂಡಿಗೆ ಒಂದು ಚುಕ್ಕೆ ಇಡುತ್ತೇನೆ. ಹೆಂಡರ್ಸನ್ 2022ರಲ್ಲಿ ಬೋವಿಯಲ್ಲಿ ಆಡಿದಾಗ ಅವನ ಸ್ಟ್ರೈಕ್‌ಔಟ್‌ಗಿಂತ ವಾಕ್‌ಗಳೇ (ನಾಲ್ಕು ಕೆಟ್ಟ ಚೆಂಡು ಬಿಟ್ಟು ಮೊದಲ ಬೇಸ್‌ಗೆ ಹೋಗುವುದು) ಜಾಸ್ತಿ ಇದ್ದವು. ಅದೇ ಆಗಸ್ಟ್ 31ಕ್ಕೆ ಕ್ಲೀವ್‌ಲ್ಯಾಂಡ್‌ನಲ್ಲಿ ಮೇಜರ್ ಲೀಗ್‌ಗೆ ಕಾಲಿಟ್ಟು, ಹೆಲ್ಮೆಟ್ ಹಾರಿ ಬೀಳುವಷ್ಟು ಜೋರಾಗಿ ಬೀಸಿ ಹೋಮ್ ರನ್ ಹೊಡೆದ.

ಪಿಚರ್‌ಗಳ ವಿಷಯ ಬೇರೆ

ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುವ ಗಾದೆ ಪಿಚರ್‌ಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ಮೊಣಕೈಯ ಅಸ್ಥಿರಜ್ಜು (ಮೂಳೆಗಳನ್ನು ಕೂಡಿಸುವ ನಾರು) ಹರಿದರೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ, ಒಂದರಿಂದ ಒಂದೂವರೆ ವರ್ಷ ಮನೆ. 2013ರಲ್ಲಿ ಆಸ್ಟ್ರೋಸ್ ಮೊದಲ ಆಯ್ಕೆಯಾಗಿ ಮಾರ್ಕ್ ಆಪೆಲ್ ಅನ್ನುವ ಪಿಚರ್‌ನನ್ನು ತೆಗೆದುಕೊಂಡರು, ಎರಡನೇ ಆಯ್ಕೆಯಾಗಿ ಕ್ರಿಸ್ ಬ್ರಯಂಟ್ ಕಬ್ಸ್‌ಗೆ ಹೋದ. ಆಪೆಲ್ ಹ್ಯೂಸ್ಟನ್‌ಗೆ ಒಂದು ಚೆಂಡೂ ಎಸೆಯಲಿಲ್ಲ. ಅದಕ್ಕೇ ನನ್ನ ಸಲಹೆ: ಮೊದಲ ಸುತ್ತಿನಲ್ಲಿ ಬ್ಯಾಟರ್, ಪಿಚರ್‌ಗಳು ಗುಂಪು ಗುಂಪಾಗಿ. 2019ರ ಡಿಸೆಂಬರಿನಲ್ಲಿ ಓರಿಯೋಲ್ಸ್ ಪಿಚರ್ ಡಿಲನ್ ಬಂಡಿಯನ್ನು ಏಂಜೆಲ್ಸ್‌ಗೆ ಕೊಟ್ಟು ನಾಲ್ವರು ಎಳೆಯ ಪಿಚರ್‌ಗಳನ್ನು ತಂದರು. ಮೂವರು ಅಷ್ಟಕ್ಕಷ್ಟೇ. ನಾಲ್ಕನೆಯವನು ಕೈಲ್ ಬ್ರಾಡಿಶ್, 2023ರ ಸೈ ಯಂಗ್ ಮತದಾನದಲ್ಲಿ ನಾಲ್ಕನೇ ಸ್ಥಾನ ಪಡೆದ. ಮರುವರ್ಷ ಅವನಿಗೂ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. ನಾಲ್ವರನ್ನು ಇಟ್ಟುಕೊಂಡರೂ ಸಾಲದು ಅನ್ನುವುದು ಹೀಗೆ ಗೊತ್ತಾಗುತ್ತದೆ.

ಯಾವಾಗ ಮೇಲಕ್ಕೆ ಕರೆಯಬೇಕು

ಸೀಸನ್‌ನಲ್ಲಿ 172 ದಿನ ಮೇಜರ್ ಲೀಗ್‌ನಲ್ಲಿದ್ದರೆ ಒಂದು ವರ್ಷದ ಸೇವೆ. 2015ರಲ್ಲಿ ಕಬ್ಸ್ ಬ್ರಯಂಟ್‌ನನ್ನು ಏಪ್ರಿಲ್ 17ಕ್ಕೆ ಕರೆದರು. ಅವನಿಗೆ ಸಿಕ್ಕಿದ್ದು 171 ದಿನ. ಒಂದೇ ದಿನದ ಕೊರತೆಯಿಂದ ಅವನು ಇನ್ನೊಂದು ವರ್ಷ ತಂಡದ ಕೈಯಲ್ಲೇ ಉಳಿದ. ನಿಯಮದ ಒಳಗೇ ಮಾಡಿದ್ದು, ಆದರೂ ನನಗೆ ಹಿಡಿಸುವುದಿಲ್ಲ. ಹುಡುಗ ಸಿದ್ಧ ಇದ್ದಾನೆ ಅಂದರೆ ಕರೆಯಿರಿ. 2022ರಿಂದ ನಿಯಮವೂ ಅದನ್ನೇ ಹೇಳುತ್ತದೆ: ವರ್ಷದ ಹೊಸ ಆಟಗಾರ ಮತದಾನದಲ್ಲಿ ಮೊದಲ ಎರಡು ಸ್ಥಾನಕ್ಕೆ ಬಂದವನಿಗೆ ಪೂರ್ತಿ ವರ್ಷದ ಸೇವೆ ಸಿಗುತ್ತದೆ. ಮೇ 21ಕ್ಕೆ ಬಂದ ರಚ್‌ಮನ್ ಎರಡನೇ ಸ್ಥಾನ ಪಡೆದು ಅದನ್ನು ಗಿಟ್ಟಿಸಿಕೊಂಡ. ಅವನು ಬರುವ ಮುಂಚೆ ತಂಡ 16 ಗೆದ್ದು 24 ಸೋತಿತ್ತು, ಬಂದ ಮೇಲೆ 67 ಗೆದ್ದು 55 ಸೋತಿತು.

ಬಂದ ಕೂಡಲೇ ಆಡಲಿಲ್ಲ ಅಂದರೆ ಗಾಬರಿ ಬೇಡ. ಓರಿಯೋಲ್ಸ್‌ನ ಜಾಕ್ಸನ್ ಹಾಲಿಡೇ 2024ರ ಏಪ್ರಿಲ್‌ನಲ್ಲಿ 34 ಅಟ್-ಬ್ಯಾಟ್‌ಗಳಲ್ಲಿ 2 ಹಿಟ್ ಮಾತ್ರ ಹೊಡೆದು ನಾರ್ಫೋಕ್‌ಗೆ ವಾಪಸ್ ಹೋದ. ಜುಲೈ 31ಕ್ಕೆ ಮರಳಿ ಬಂದು ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದ. 40 ಜನರ ಪಟ್ಟಿಯಲ್ಲಿರುವ ಎಳೆಯರನ್ನು ಹೀಗೆ ಮೂರು ಸೀಸನ್ ಮೇಲೆ ಕೆಳಗೆ ಕಳಿಸಬಹುದು. ಡಿಸೆಂಬರಿನ ರೂಲ್ 5 ಡ್ರಾಫ್ಟ್‌ಗೆ ಮುಂಚೆ ಯಾರನ್ನು ಪಟ್ಟಿಗೆ ಸೇರಿಸಬೇಕು ಅಂತ ಮಾತ್ರ ನೋಡಿಕೊಳ್ಳಿ, ಇಲ್ಲವಾದರೆ 1,00,000 ಡಾಲರ್ ಕೊಟ್ಟು ಬೇರೆಯವರು ಎತ್ತಿಕೊಂಡು ಹೋಗುತ್ತಾರೆ.

ಕಟ್ಟುವುದನ್ನು ನಿಲ್ಲಿಸುವ ದಿನ

ಇದು ಎಲ್ಲಕ್ಕಿಂತ ಕಷ್ಟ. ಕಬ್ಸ್ 2014ರಲ್ಲಿ 89 ಸೋತಿದ್ದರೂ ಆ ಡಿಸೆಂಬರಿನಲ್ಲೇ ಪಿಚರ್ ಜಾನ್ ಲೆಸ್ಟರ್‌ಗೆ ಆರು ವರ್ಷಕ್ಕೆ 15.5 ಕೋಟಿ ಡಾಲರ್ ಕೊಟ್ಟರು. ಹುಡುಗರು ಇನ್ನೇನು ಬರುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಓರಿಯೋಲ್ಸ್ ಈ ಧೈರ್ಯವನ್ನು ತಡವಾಗಿ ತೋರಿಸಿದರು ಅನ್ನುವುದು ನನ್ನ ದೂರು. 101 ಗೆದ್ದ ವರ್ಷ ಪ್ಲೇಆಫ್‌ನಲ್ಲಿ ಟೆಕ್ಸಾಸ್ ಎದುರು ಮೂರಕ್ಕೆ ಮೂರೂ ಸೋತರು. ಪಿಚರ್ ಕಾರ್ಬಿನ್ ಬರ್ನ್ಸ್‌ನನ್ನು ತಂದರು, ಒಂದು ವರ್ಷದಲ್ಲಿ ಅವನು ಹೊರಟುಹೋದ. ಪಿಚರ್‌ಗಳ ಕೊರತೆ ಹಾಗೇ ಉಳಿದು 2025ರಲ್ಲಿ 87 ಸೋತರು. ಟ್ರಿಪಲ್-ಎಯಲ್ಲಿ ಬ್ಯಾಟರ್‌ಗಳು ಜಾಗವಿಲ್ಲದೆ ಕಾಯುತ್ತಿದ್ದರು, ಮೇಲೆ ಎಸೆಯುವವರಿಲ್ಲ.

ಹಾಗಾಗಿ ತಂಡ ಮೊದಲ ಸಲ 80 ಗೆಲುವು ದಾಟಿದ ಚಳಿಗಾಲವೇ ಎರಡು ಕೆಲಸ ಮಾಡಿ. ಒಂದು, ನಿಮ್ಮ ಅತಿ ಒಳ್ಳೆಯ ಇಬ್ಬರು ಹುಡುಗರಿಗೆ ಬೇಗ ದೀರ್ಘ ಒಪ್ಪಂದ ಕೊಡಿ. ಬ್ರೇವ್ಸ್ 2019ರಲ್ಲಿ ರೊನಾಲ್ಡ್ ಅಕುನ್ಯಾಗೆ ಎಂಟು ವರ್ಷಕ್ಕೆ 10 ಕೋಟಿ ಡಾಲರ್ ಕೊಟ್ಟಿತು. ಓರಿಯೋಲ್ಸ್ 2025ರ ಆಗಸ್ಟ್‌ನಲ್ಲಿ ಬಸಾಯೊಗೆ ಎಂಟು ವರ್ಷಕ್ಕೆ 6.7 ಕೋಟಿ ಕೊಟ್ಟಿತು. ಇದನ್ನು ರಚ್‌ಮನ್, ಹೆಂಡರ್ಸನ್ ಕಾಲಕ್ಕೇ ಶುರು ಮಾಡಬೇಕಿತ್ತು. ಎರಡು, ಟ್ರಿಪಲ್-ಎಯಲ್ಲಿ ಜಾಗಕ್ಕೆ ಕಾಯುತ್ತಿರುವ ಬ್ಯಾಟರ್‌ಗಳ ಹೆಸರು ಬರೆದುಕೊಳ್ಳಿ, ಅವರ ಬೆಲೆ ಇಳಿಯುವ ಮುಂಚೆ ಪಿಚರ್ ಜಾಸ್ತಿ ಇರುವ ತಂಡಗಳಿಗೆ ಒಂದೊಂದಾಗಿ ಫೋನ್ ಮಾಡಿ. ಎರಡು ವರ್ಷವಾದರೂ ಒಪ್ಪಂದ ಉಳಿದಿರುವ ಪಿಚರ್‌ನನ್ನೇ ಕೇಳಿ.